ನ್ಯೂರ್‌ಬುರ್ಗ್‌ರಿಂಗ್ ಟೂರಿಸ್ಟ್ ಸೆಷನ್‌ನಲ್ಲಿ ಆಕ್ಸಿಡೆಂಟ್: ಹಿಂದಿಂದ ಗುದ್ದಿದ್ದು ಅವನು, ತಪ್ಪು ನಂದಾ?

ಹಾಸನ್_ಜಿಟಿಐ

ಎಲ್ರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್ ಕಡೆ ಕೆಲಸದಲ್ಲಿದೀನಿ, ಸ್ವಂತ ಗಾಲ್ಫ್ ಜಿಟಿಐ ಇದೆ. ಈಚೆಗೆ ಒಂದು ಭಾನುವಾರ ನಾರ್ಡ್‌ಶ್ಲೈಫೆಗೆ, ಅಂದ್ರೆ ನ್ಯೂರ್‌ಬುರ್ಗ್‌ರಿಂಗ್ ರೇಸ್‌ಟ್ರ್ಯಾಕ್‌ನ ಹಳೇ ಉದ್ದದ ಸುತ್ತಿಗೆ, ಹೋಗಿದ್ದೆ, ಅದೇ ದುಡ್ಡು ಕಟ್ಟಿ ಯಾರ್ ಬೇಕಾದ್ರೂ ಅವರವರ ಗಾಡಿ ಓಡಿಸ್ಬೋದಲ್ಲ ಆ ಟೂರಿಸ್ಟ್ ಸೆಷನ್‌ಗೆ. ಬೆರ್ಗ್‌ವೆರ್ಕ್ ತಿರುವು ದಾಟಿದ್ಮೇಲೆ ಕೆಸೆಲ್‌ಶೆನ್ ಏರು ಸಿಗುತ್ತಲ್ಲ, ಅಲ್ಲಿ ನನ್ನ ಮುಂದೆ ಒಂದು ಸ್ಕೋಡಾ, ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಆರಾಮಾಗಿ ಬಲಗಡೆ 110ರಲ್ಲಿ ಹೋಗ್ತಿದ್ದ. ನಾನು 150 ಹತ್ರ ಇದ್ದೆ. ಕನ್ನಡಿ ನೋಡ್ದೆ, ದೂರದಲ್ಲಿ ಒಂದು ಪೋರ್ಷೆ ಜಿಟಿ3 ಕಾಣಿಸ್ತು, ಟೈಮ್ ಇದೆ ಅಂತ ಇಂಡಿಕೇಟರ್ ಹಾಕಿ ಎಡಕ್ಕೆ ಬಂದೆ, ಸ್ಕೋಡಾ ಪಕ್ಕ ಪೂರ್ತಿ ಬಂದು ಇನ್ನೇನು ದಾಟ್ಬೇಕು ಅನ್ನೋಷ್ಟ್ರಲ್ಲಿ ಹಿಂದಿಂದ ಢಬ್ ಅಂತ. ಅವನು ಬ್ರೇಕ್ ಹೊಡ್ದು ನನ್ನ ಎಡಗಡೆ ಹುಲ್ಲಿಗೆ ಇಳಿದು ತಪ್ಪಿಸ್ಕೊಳ್ಳೋಕೆ ನೋಡಿದಾನೆ, ಆಗ್ಲಿಲ್ಲ, ನನ್ನ ಹಿಂದಿನ ಎಡ ಮೂಲೆಗೆ ತಗುಲಿಸಿ ಆಮೇಲೆ ಗಾರ್ಡ್‌ರೈಲ್‌ಗೆ ಉದ್ದಕ್ಕೂ ಉಜ್ಕೊಂಡು ಹೋಗಿ ನಿಂತ. ಯಾರಿಗೂ ಏಟಾಗಿಲ್ಲ, ದೇವ್ರು ದೊಡ್ಡೋನು.

ಈಗ ಅವನ ವಕೀಲರಿಂದ ಕಾಗದ ಬಂದಿದೆ. ನೂರಕ್ಕೆ ನೂರು ತಪ್ಪು ನಂದಂತೆ, ಪೋರ್ಷೆ ರಿಪೇರಿ, ಗಾರ್ಡ್‌ರೈಲ್ ಬಿಲ್ಲು, ಗಾಡಿ ಎತ್ಕೊಂಡು ಹೋದ ಖರ್ಚು, ಎಲ್ಲಾ ನನ್ನ ತಲೆಗೇ. ನಂಗೆ ಗೊತ್ತಿರೋ ಲೆಕ್ಕ ಒಂದೇ, ಹಿಂದಿಂದ ಗುದ್ದಿದವನದ್ದು ತಪ್ಪು. ಆಫೀಸಲ್ಲಿ ಒಬ್ಬ ಹೇಳ್ತಾನೆ ಟ್ರ್ಯಾಕ್ ಮೇಲೆ ಯಾರ ತಪ್ಪು ಅಂತ ಇರೋದೇ ಇಲ್ಲ, ಅವರವರ ನಷ್ಟ ಅವರವರದ್ದು ಅಂತ. ಇನ್ನೊಬ್ಬ ಹೇಳ್ತಾನೆ ರೇಸಿಂಗ್‌ನಲ್ಲಿ ಮುಂದಿರೋನಿಗೇ ಲೈನ್, ಅಂದ್ರೆ ಗಾಡಿ ಓಡೋ ದಾರಿ, ಸೇರ್ಬೇಕು, ನೀನೇ ಗೆಲ್ತೀಯ ಅಂತ. ಯಾವ್ದು ನಂಬ್ಲಿ?

ಇನ್ನೊಂದು ವಿಷ್ಯ, ಗಾಡಿಲಿ ಡ್ಯಾಶ್‌ಕ್ಯಾಮ್ ಇತ್ತು, ಮುಂದಿನದು ಮಾತ್ರ. ಅಲ್ಲಿ ಶೂಟ್ ಮಾಡೋದು ನಿಷೇಧ ಅಂತ ನಿಯಮ ಇದೆಯಂತಲ್ಲ, ಅದನ್ನ ತೋರಿಸಿದ್ರೆ ನಾನೇ ಸಿಕ್ಕಾಕ್ಕೊಳ್ತೀನಾ? ಇಲ್ಲಿರೋ ಕನ್ನಡದವ್ರು ಯಾರಾದ್ರೂ ಇಂಥದ್ದು ನೋಡಿದ್ರೆ ದಯವಿಟ್ಟು ಹೇಳಿ, ಜರ್ಮನ್ ಕಾಗದ ಓದಿ ಓದಿ ತಲೆ ಕೆಟ್ಟಿದೆ.

---

ಮ್ಯೂನಿಕ್_ಮಾವ

ತಮ್ಮಾ, ಮೊದ್ಲು ಆಫೀಸಿನ ಆ ಇಬ್ರನ್ನೂ ಪಕ್ಕಕ್ಕಿಡು. ನಾನು ವಕೀಲ ಅಲ್ಲ, ಆದ್ರೆ ಇಲ್ಲಿ ಮೋಟಾರ್ ಇನ್ಶೂರೆನ್ಸ್ ಕ್ಲೇಮ್ ಸಾಫ್ಟ್‌ವೇರ್‌ನಲ್ಲೇ ಕೂದಲು ಬೆಳ್ಳಗಾಗಿರೋದು, ಇಂಥ ಫೈಲುಗಳು ಕಣ್ಣಿಗೆ ಬೀಳ್ತಾನೇ ಇರ್ತವೆ.

ಟೂರಿಸ್ಟ್ ಸೆಷನ್ ನಡೆಯೋ ಹೊತ್ತಲ್ಲಿ ಆ 20.8 ಕಿಲೋಮೀಟರ್ ಕಾನೂನಿನ ಕಣ್ಣಿಗೆ ರೇಸ್‌ಟ್ರ್ಯಾಕ್ ಅಲ್ಲ, ಟೋಲ್ ಕಟ್ಟಿ ಹೋಗೋ ಒನ್‌ವೇ ರಸ್ತೆ. ಜರ್ಮನಿಯ ರಸ್ತೆ ನಿಯಮ ಇದೆಯಲ್ಲ ಎಸ್‌ಟಿವಿಓ, ಅದೇ ಅಲ್ಲೂ ನಡೆಯೋದು. ಬಲಕ್ಕಿರ್ಬೇಕು, ಎಡದಿಂದ ಮಾತ್ರ ಓವರ್‌ಟೇಕ್, ಟೈಮ್ ನೋಡ್ಕೊಂಡು ರೇಸ್ ಮಾಡೋ ಹಾಗಿಲ್ಲ. ಹಾಗಾಗಿ ಲೈನ್ ಯಾರದ್ದು, ಅಪೆಕ್ಸ್ (ತಿರುವಿನ ಒಳಗಿನ ತುದಿ) ಯಾರದ್ದು ಅಂತ ಜಡ್ಜ್ ಮುಂದೆ ಹೇಳಿದ್ರೆ ಅವರು ನಿನ್ನ ಮುಖ ನೋಡ್ತಾರೆ ಅಷ್ಟೇ.

ಹಿಂದಿಂದ ಗುದ್ದಿದವನದ್ದೇ ತಪ್ಪು ಅನ್ನೋದು ಅರ್ಧ ಸತ್ಯ. ಇಲ್ಲಿನ ಕೋರ್ಟ್‌ಗಳೂ ಶುರು ಮಾಡೋದು ಅಲ್ಲಿಂದ್ಲೇ, ಹಿಂದಿನವನು ಅಂತರ ಇಟ್ಕೊಂಡಿಲ್ಲ ಇಲ್ಲಾ ಗಮನ ಕೊಟ್ಟಿಲ್ಲ ಅಂತ ಮೇಲ್ನೋಟಕ್ಕೆ ಅಂದ್ಕೊಳ್ತಾರೆ. ಆದ್ರೆ ಮುಂದಿನವನು ಆಗ ತಾನೇ ಅಡ್ಡ ಬಂದಿದ್ದ ಅಂತ ತೋರಿಸಿದ್ರೆ ಆ ಊಹೆ ಅಲ್ಲಿಗೇ ಬಿದ್ದೋಗುತ್ತೆ. ಆಗ ಬರೋದು ಎಸ್‌ಟಿವಿಓ 5ನೇ ಸೆಕ್ಷನ್: ಓವರ್‌ಟೇಕ್ ಮಾಡೋಕೆ ಹೊರಗೆ ಬರೋನು ಹಿಂದಿಂದ ಬರ್ತಿರೋರಿಗೆ ಅಪಾಯ ಆಗದ ಹಾಗೆ ನೋಡ್ಕೋಬೇಕು, ಸಾಕಷ್ಟು ಮುಂಚೆ ಸಿಗ್ನಲ್ ಕೊಡ್ಬೇಕು. ಅವನ ವಕೀಲ ಹಿಡ್ಕೊಂಡಿರೋದು ಇದನ್ನೇ. ನಾರ್ಡ್‌ಶ್ಲೈಫೆಲಿ ಲೇನ್ ಗೆರೆ ಇಲ್ಲ, ಅದಕ್ಕೆ ಲೇನ್ ಬದಲಾಯಿಸೋ ಸೆಕ್ಷನ್‌ಗಿಂತ ಈ ಓವರ್‌ಟೇಕ್ ಸೆಕ್ಷನ್ನೇ ಇಲ್ಲಿ ಮುಖ್ಯ.

ಆದ್ರೆ ಅದೇ 5ನೇ ಸೆಕ್ಷನ್ ಅವನಿಗೂ ಅನ್ವಯ ಆಗುತ್ತೆ. ಪರಿಸ್ಥಿತಿ ಸ್ಪಷ್ಟ ಇಲ್ದೇ ಇದ್ದಾಗ ಓವರ್‌ಟೇಕ್ ಮಾಡೋ ಹಾಗಿಲ್ಲ ಅಂತ ಅದ್ರಲ್ಲೇ ಇದೆ. ಮುಂದೆ ನಿಧಾನದ ಸ್ಕೋಡಾ, ಅದರ ಹಿಂದೆ ಎಡ ಇಂಡಿಕೇಟರ್ ಹಾಕಿರೋ ಗಾಲ್ಫ್, ಇದನ್ನ ನೋಡಿದ ಮೇಲೂ ಆಕ್ಸಿಲರೇಟರ್‌ನಿಂದ ಕಾಲು ತೆಗೀಲಿಲ್ಲ ಅಂದ್ರೆ ಅವನೂ ಉತ್ತರ ಕೊಡ್ಬೇಕಾಗುತ್ತೆ. ಹಾಗಾಗಿ ಇಡೀ ಕೇಸ್ ನಿಂತಿರೋದು ಒಂದೇ ಪ್ರಶ್ನೆ ಮೇಲೆ, ನೀನು ಎಡಕ್ಕೆ ಬಂದು ಎಷ್ಟು ಹೊತ್ತಾದ ಮೇಲೆ ಬಡಿತು? ಒಂದು ಸೆಕೆಂಡ್ ಅಂದ್ರೆ ನಿನ್ನ ಕಥೆ ಮುಗೀತು. ನಾಲ್ಕೈದು ಸೆಕೆಂಡ್ ಅಂದ್ರೆ ಬೇರೆ ಮಾತು.

ತಪ್ಪು ಅಂದ್ರೆ ಪೂರ್ತಿ ನಿಂದು ಇಲ್ಲಾ ಪೂರ್ತಿ ಅವನದ್ದು ಅಂತ್ಲೇ ಆಗ್ಬೇಕಿಲ್ಲ ಇಲ್ಲಿ. ಇಲ್ಲಿನ ರಸ್ತೆ ಸಂಚಾರ ಕಾಯ್ದೆ ಎಸ್‌ಟಿವಿಜಿ, ಅದರ 7ನೇ ಸೆಕ್ಷನ್ ಪ್ರಕಾರ ಗಾಡಿ ಓನರ್ ಆದವನು ತಪ್ಪು ಮಾಡ್ದೇ ಇದ್ರೂ ಜವಾಬ್ದಾರ, ಗಾಡಿ ಓಡ್ತಿರೋದೇ ಒಂದು ಅಪಾಯ ಅನ್ನೋ ಲೆಕ್ಕ, ಅದಕ್ಕೆ ಬೆಟ್ರೀಬ್ಸ್‌ಗೆಫಾರ್ ಅಂತಾರೆ. ಇಬ್ರ ಗಾಡಿನೂ ಸೇರಿದಾಗ 17ನೇ ಸೆಕ್ಷನ್ ಪ್ರಕಾರ ಯಾರಿಂದ ಎಷ್ಟು ಅಂತ ಪಾಲು ಹಾಕ್ತಾರೆ, 70:30 ಇರ್ಬೋದು 50:50 ಇರ್ಬೋದು. ವೇಗ ಜಾಸ್ತಿ ಇದ್ದಷ್ಟೂ ಆ ಗಾಡಿಯ ಪಾಲು ಏರುತ್ತೆ. ಆಟೋಬಾನ್‌ನಲ್ಲಿ ಲಿಮಿಟ್ ಇಲ್ದಿರೋ ಕಡೆನೂ 130ಕ್ಕಿಂತ ಮೇಲೆ ಹೋಗ್ತಿದ್ದವನು ತಪ್ಪಿಸೋಕೇ ಆಗ್ತಿರ್ಲಿಲ್ಲ ಅಂತ ಸುಲಭವಾಗಿ ಕೈ ತೊಳ್ಕೊಳ್ಳೋ ಹಾಗಿಲ್ಲ ಅಂತ 1992ರಲ್ಲೇ ಇಲ್ಲಿನ ಸುಪ್ರೀಂ ಸಿವಿಲ್ ಕೋರ್ಟ್ ಬಿಜಿಎಚ್ ಹೇಳಿದೆ. ರಿಂಗ್ ಆಟೋಬಾನ್ ಅಲ್ಲ, ಆದ್ರೂ ನಿನ್ನ ವಕೀಲರು ಆ ವಾದ ಎತ್ತದೇ ಇರಲ್ಲ.

ಡ್ಯಾಶ್‌ಕ್ಯಾಮ್ ಬಗ್ಗೆ. ಶೂಟಿಂಗ್ ನಿಷೇಧ ಟ್ರ್ಯಾಕ್‌ನವರ ನಿಯಮ, ಮುರಿದ್ರೆ ಅವ್ರು ನಿನ್ನ ಆಚೆ ಕಳಿಸ್ಬೋದು. ಕೋರ್ಟ್ ವಿಷ್ಯನೇ ಬೇರೆ. 2018ರ ಮೇ ತಿಂಗಳಲ್ಲಿ ಅದೇ ಬಿಜಿಎಚ್ ಹೇಳ್ತು, ಸದಾ ರೆಕಾರ್ಡ್ ಮಾಡೋದು ಡೇಟಾ ರಕ್ಷಣೆ ಕಾನೂನಿಗೆ ವಿರುದ್ಧ ಆದ್ರೂ ಆಕ್ಸಿಡೆಂಟ್‌ನ ಸಿವಿಲ್ ಕೇಸಲ್ಲಿ ಆ ವಿಡಿಯೋ ಸಾಕ್ಷಿಯಾಗಿ ಬಳಸ್ಬೋದು ಅಂತ. ಅಳಿಸ್ಬೇಡ, ಎಲ್ಲೂ ಅಪ್‌ಲೋಡ್ ಮಾಡ್ಬೇಡ, ಒಂದು ಕಾಪಿ ವಕೀಲರಿಗೆ ಕೊಡು. ಮುಂದಿನ ಕ್ಯಾಮ್ ಆದ್ರೇನಂತೆ, ಇಂಡಿಕೇಟರ್ ಟಿಕ್ ಟಿಕ್ ಸದ್ದು ಯಾವಾಗ ಶುರುವಾಯ್ತು, ಯಾವಾಗ ಬಡಿತು ಅಂತ ಕೇಳುತ್ತಲ್ಲ.

---

ಧಾರವಾಡ_ಡೀಸೆಲ್

ಮಾವಾರು ಕಾನೂನು ಭಾಳ ಚಲೋ ಹೇಳ್ಯಾರ. ನಾ ಕ್ಯೋಲ್ನ್‌ನ್ಯಾಗ ಇರ್ತೀನಿ, ರಿಂಗ್ ನಮಗ ಹತ್ರ ಆಗ್ತದ, ಹಿಂಗಾಗಿ ಅಲ್ಲಿ ನಡಿಯೂದು ಸ್ವಲ್ಪ ಗೊತ್ತದ.

ಕೆಸೆಲ್‌ಶೆನ್ ಅನ್ನೂದು ಮೋಸದ ಜಾಗಾ ನೋಡ್ರಿ. ಬೆರ್ಗ್‌ವೆರ್ಕ್‌ನ್ಯಾಗ ಎಲ್ಲಾರೂ ಸ್ಲೋ ಆಗಿರ್ತಾರ, ಅಲ್ಲಿಂದ ಮ್ಯಾಲೆ ಏರು, ಪವರ್ ಇದ್ದ ಗಾಡಿ ಒಂದೇ ಸವನ ಸ್ಪೀಡ್ ಏರಿಸ್ಕೋತ ಬರ್ತದ, ಸಣ್ಣ ಎಂಜಿನ್ ಗಾಡಿ ಏರಿನ್ಯಾಗ ಉಸಿರು ಬಿಡ್ತದ. ಕನ್ನಡಿಯೊಳಗ ಜಿಟಿ3 ಸಣ್ಣದು ಕಂಡ್ರ ದೂರ ಅದ ಅಂತ ಅನಸ್ತದ. 70 ಕಿಲೋಮೀಟರ್ ಫರಕ್ ಅಂದ್ರ ಸೆಕೆಂಡಿಗೆ 19 ಮೀಟರ್ ಮ್ಯಾಲೆ ಆತು. ಮೂರು ಸೆಕೆಂಡ್‌ನ್ಯಾಗ ಸುಮಾರು 60 ಮೀಟರ್ ನುಂಗಿ ನಿಮ್ಮ ಬಂಪರ್‌ಗೆ ಬಂದ ಬಿಡ್ತಾನ. ಅದಕ್ಕ ಅಲ್ಲಿ ದಿನಾ ಓಡಸೂ ಮಂದಿ ಕನ್ನಡಿ ಒಮ್ಮೆ ನೋಡಿ ಬಿಡೂದಿಲ್ಲ, ನೋಡಿ, ಸ್ವಲ್ಪ ಬಿಟ್ಟು ಮತ್ತೊಮ್ಮೆ ನೋಡ್ತಾರ, ಎಷ್ಟು ದೊಡ್ಡಾಂವ ಆದ ಅಂತ. ದೊಡ್ಡಾಂವ ಆಗಿದ್ರ ಬಲ ಇಂಡಿಕೇಟರ್ ಹಾಕಿ ಬಲಕ್ಕ ನಿಂತ್ರು ಅಂದ್ರ ಅವಂಗ ಗೊತ್ತಾಗ್ತದ, ಇಂವ ನನ್ನ ನೋಡ್ಯಾನ ಅಂತ.

ಹಂಗಂತ ಜಿಟಿ3ದಾಂವಗ ಸರ್ಟಿಫಿಕೇಟ್ ಕೊಡಾಕ ಬಂದಿಲ್ಲ ನಾ. ಮುಂದ ಎರಡು ಗಾಡಿ ಅದಾವ, ಹಿಂದಿಂದು ಫಾಸ್ಟ್ ಅದ, ಮುಂದಿಂದು ಸ್ಲೋ ಅದ, ಅಂದ ಮ್ಯಾಲೆ ಹಿಂದಿಂದು ಎಡಕ್ಕ ಬಂದ ಬರ್ತದ. ಇದು ಗೊತ್ತಾಗದಿದ್ದಾಂವ ಅಷ್ಟ ಸ್ಪೀಡ್‌ನ್ಯಾಗ ಅಲ್ಲಿ ಇರಬಾರದು. ಭಾನುವಾರ ಟೂರಿಸ್ಟ್ ಸೆಷನ್ ಅಂದ್ರ ಮಿನಿವ್ಯಾನ್, ಬಾಡಿಗಿ ಸ್ವಿಫ್ಟ್, ಫಸ್ಟ್ ಟೈಮ್ ಬಂದಾಂವ, ಎಲ್ಲಾ ಕಲಸಿ ಇರ್ತದ. 2025ರಿಂದ ಬೈಕ್‌ನವ್ರಿಗೆ ಈ ಸೆಷನ್ ಬಂದ್ ಮಾಡ್ಯಾರ, ಸ್ಪೀಡ್ ಫರಕ್ ಮಾತ್ರ ಕಾರಿನೊಳಗೂ ಹಂಗ ಅದ.

ಇನ್ನೊಂದು ಮಾತು, ಅಲ್ಲೇ ನಿಂತಾಗ ಕೈಯಾಗ ಪೆನ್ನು ಕೊಟ್ಟು ತಪ್ಪು ನಂದು ಅಂತ ಏನರೆ ಬರಿಸ್ಕೊಂಡ್ರೇನು? ಕೆಲವ್ರು ಹಂಗ ಮಾಡ್ತಾರ, ಹೊಸಬ್ರು ಗಾಬರಿಯೊಳಗ ಸೈನ್ ಮಾಡ್ತಾರ.

---

ಹಾಸನ್_ಜಿಟಿಐ

ಇಲ್ಲ ಸರ್, ಯಾವ್ದಕ್ಕೂ ಸೈನ್ ಮಾಡಿಲ್ಲ. ಆಡೆನೌ ಪೊಲೀಸ್ರು ಬಂದ್ರು, ಅವರೇ ಬರ್ಕೊಂಡ್ರು, ನಾನು ಹೆಸರು ಅಡ್ರೆಸ್ ಇನ್ಶೂರೆನ್ಸ್ ಮಾತ್ರ ಕೊಟ್ಟೆ. ನನ್ನ ಇನ್ಶೂರೆನ್ಸ್‌ಗೆ ಮಾರನೇ ದಿನಾನೇ ತಿಳಿಸಿದೀನಿ.

ವಿಡಿಯೋ ಈಗ ಕೂತು ನೋಡ್ದೆ. ಇಂಡಿಕೇಟರ್ ಸದ್ದು ಶುರುವಾಗಿ ಬಡಿಯೋದಕ್ಕೆ ಸುಮಾರು 5 ಸೆಕೆಂಡ್ ಇದೆ, ಗಾಡಿ ಎಡಕ್ಕೆ ಬಂದು ನೇರ ಆದ ಮೇಲೆ 3 ಸೆಕೆಂಡ್ ಮೇಲೇನೇ ಇದೆ, ಅಷ್ಟ್ರಲ್ಲಿ ಸ್ಕೋಡಾದ ಹಿಂದಿನ ಬಾಗಿಲು ದಾಟಿದೀನಿ. ಅವನ ಸ್ಪೀಡ್ ಎಷ್ಟಿತ್ತೋ ಗೊತ್ತಿಲ್ಲ, 200 ಮೇಲಂತೂ ಹೌದು ಅನ್ಸುತ್ತೆ.

ಇನ್ನೊಂದ್ ಕೇಳ್ಬೇಕಿತ್ತು, ನನ್ನ ಗಾಡಿ ರಿಪೇರಿಗೆ ಫೋಲ್‌ಕಾಸ್ಕೊ, ಅಂದ್ರೆ ಸ್ವಂತ ಗಾಡಿ ಡ್ಯಾಮೇಜಿಗೂ ಕೊಡೋ ಇನ್ಶೂರೆನ್ಸ್, ಇದೆ, ಅದ್ರಲ್ಲಿ ಕ್ಲೇಮ್ ಆಗುತ್ತಾ?

---

ಇರುಂಗಾಟ್ಟು_ಎಕ್ಸ್‌ಪ್ರೆಸ್

ಬೆಂಗಳೂರಿಂದ ಬರೀತಿದೀನಿ ಗುರು. ನಾವು ಟ್ರ್ಯಾಕ್ ಡೇ ಅಂದ್ರೆ ತಮಿಳುನಾಡಿಗೇ ಓಡೋದು, ಚೆನ್ನೈ ರೋಡಲ್ಲಿ ಶ್ರೀಪೆರಂಬುದೂರು ಹತ್ರ ಇರುಂಗಾಟ್ಟುಕೋಟ್ಟೈನಲ್ಲಿರೋ ಮದ್ರಾಸ್ ಟ್ರ್ಯಾಕ್ ಇಲ್ಲಾ ಕೊಯಮತ್ತೂರಿನ ಕರಿ ಟ್ರ್ಯಾಕ್. ನಿನ್ನ ಆಫೀಸಿನವನು ಹೇಳಿದ 'ಅವರವರ ನಷ್ಟ ಅವರವರದ್ದು' ಅನ್ನೋ ಲೆಕ್ಕ ಇಲ್ಲಿಗೆ ಸರಿ, ನಿನ್ನ ಕೇಸಿಗಲ್ಲ ಅನ್ಸುತ್ತೆ. ಇಲ್ಲಿ ಬೆಳಿಗ್ಗೆನೇ ಒಂದು ಫಾರ್ಮ್‌ಗೆ ಸೈನ್ ಹಾಕಿಸ್ಕೊಳ್ತಾರೆ, ನನ್ನ ಗಾಡಿ ನನ್ನ ಮೈ ಎಲ್ಲಾ ನನ್ನ ಜವಾಬ್ದಾರಿ, ಆಯೋಜಕರನ್ನೂ ಬೇರೆ ರೈಡರ್‌ನೂ ಕೇಳಲ್ಲ ಅಂತ. ಗೇಟು ಹಾಕಿರೋ ಖಾಸಗಿ ಜಾಗ, ಸ್ಪೀಡ್ ನೋಡಿ ಗ್ರೂಪ್ ಮಾಡಿ ಬಿಡ್ತಾರೆ, ಓವರ್‌ಟೇಕ್ ಎಲ್ಲಿ ಮಾಡ್ಬೋದು ಎಲ್ಲಿ ಮಾಡ್ಬಾರ್ದು ಅಂತ ಬ್ರೀಫಿಂಗ್ ಇರುತ್ತೆ, ಪಾಸ್ ಮಾಡೋನದ್ದೇ ಹೊಣೆ, ಮುಂದಿರೋನು ತನ್ನ ಲೈನ್ ಬಿಟ್ಟು ಆ ಕಡೆ ಈ ಕಡೆ ಆಡ್ಬಾರ್ದು ಅಷ್ಟೇ. ಯಾರಾದ್ರೂ ಯಾರಿಗಾದ್ರೂ ತಗುಲಿಸಿದ್ರೆ ಮಾರ್ಷಲ್ ಕರ್ದು ಇಬ್ರನ್ನೂ ಪಿಟ್‌ಗೆ ಕಳಿಸಿ ಬೈತಾರೆ, ತಪ್ಪಿರೋನನ್ನ ಆ ದಿನ ಕೂರಿಸ್ತಾರೆ, ದುಡ್ಡಿನ ಮಾತು ಪ್ಯಾಡಕ್‌ನಲ್ಲಿ ಚಾ ಕುಡೀತಾ ಅವರವರೇ ಮುಗಿಸ್ಕೋಬೇಕು. ಮುಗಿಯೋದೂ ಉಂಟು, ಫ್ರೆಂಡ್‌ಶಿಪ್ಪೇ ಮುಗಿದಿರೋದೂ ಉಂಟು.

ಇನ್ಶೂರೆನ್ಸ್ ಅಂತೂ ಕೇಳ್ಲೇಬೇಡ. ನಮ್ಮ ಪಾಲಿಸಿ ಕಾಗದದಲ್ಲಿ 'ಬಳಕೆಯ ಮಿತಿ' ಅಂತ ಒಂದು ಪ್ಯಾರಾ ಇರುತ್ತೆ, ಯಾರೂ ಓದಲ್ಲ, ಆರ್ಗನೈಸ್ಡ್ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವಕ್ಕೆಲ್ಲ ಕವರ್ ಇಲ್ಲ ಅಂತ. ಟ್ರ್ಯಾಕ್ ಡೇ ರೇಸ್ ಅಲ್ಲ ಅಂತ ವಾದ ಮಾಡ್ಬೋದು, ಸರ್ವೇಯರ್ ಮುಂದೆ ಗೆದ್ದವ್ರನ್ನ ನಾನಂತೂ ನೋಡಿಲ್ಲ. ಫಾರ್ಮ್‌ಗೆ ಸೈನ್ ಹಾಕಿದ ಮಾತ್ರಕ್ಕೆ ಬೇಕಂತ್ಲೇ ಗುದ್ದಿದವನೂ ಬಚಾವಾಗ್ತಾನೆ ಅಂದ್ಕೋಬೇಡಿ ಮತ್ತೆ, ಅದು ಬೇರೆ ಕೇಸು.

ಜರ್ಮನಿಯಲ್ಲೂ ಕ್ಲೋಸ್ಡ್ ಟ್ರ್ಯಾಕ್ ಡೇ ಇರುತ್ತಲ್ಲ ಮಾವ, ಹಾಕೆನ್‌ಹೈಮ್ ತರ, ಅಲ್ಲಿ ಹೇಗೆ?

---

ಮ್ಯೂನಿಕ್_ಮಾವ

ಎಕ್ಸ್‌ಪ್ರೆಸ್, ಅಲ್ಲೂ ನಿಮ್ಮ ತರಾನೇ, ಸೇರೋವಾಗ ಒಬ್ರನ್ನೊಬ್ರು ಕೇಳಲ್ಲ ಅಂತ ಬರೆಸ್ಕೊಳ್ತಾರೆ. ಅಪಾಯ ಇರೋ ಸ್ಪರ್ಧೆಲಿ ಇಳಿದವನು ಸಣ್ಣಪುಟ್ಟ ತಪ್ಪಿಗೆ ಜೊತೆಗಾರನ ಹತ್ರ ಪರಿಹಾರ ಕೇಳೋ ಹಾಗಿಲ್ಲ ಅಂತ 2003ರಲ್ಲಿ ಬಿಜಿಎಚ್ ತೀರ್ಪಿದೆ. ಆದ್ರೆ 2008ರಲ್ಲಿ ಅದೇ ಕೋರ್ಟ್, ಇನ್ಶೂರೆನ್ಸ್ ಕವರ್ ಇದ್ರೆ ಹಾಗೆ ಬಾಯಿಬಿಟ್ಟು ಹೇಳದೇ ಇರೋ ಒಪ್ಪಂದವನ್ನ ಊಹಿಸ್ಕೋಬೇಕಿಲ್ಲ ಅಂತ ಗೆರೆ ಎಳೀತು. ಹಾಸನದವನ ಕೇಸಲ್ಲಿ ಸ್ಪರ್ಧೆನೂ ಇಲ್ಲ, ಇನ್ಶೂರೆನ್ಸೂ ಇದೆ, ಹಾಗಾಗಿ ಆ ದಾರಿ ಮುಚ್ಚಿದೆ.

ತಮ್ಮಾ, ಈಗ ನಿನ್ನ ಇನ್ಶೂರೆನ್ಸ್. ಎರಡನ್ನ ಕಲಸ್ಬೇಡ. ಪೋರ್ಷೆಯವನಿಗೆ ಕೊಡ್ಬೇಕಾದ ಪಾಲು ನಿನ್ನ ಹಾಫ್ಟ್‌ಫ್ಲಿಷ್ಟ್‌ನಿಂದ, ಅಂದ್ರೆ ಕಡ್ಡಾಯ ಥರ್ಡ್ ಪಾರ್ಟಿಯಿಂದ ಹೋಗುತ್ತೆ, ಟೂರಿಸ್ಟ್ ಸೆಷನ್ ಅನುಮತಿ ಪಡೆದ ರೇಸ್ ಅಲ್ಲ, ಅದಕ್ಕೆ ಅಲ್ಲಿ ಇನ್ಶೂರೆನ್ಸ್‌ನವ್ರು ಕೈ ಎತ್ತೋ ಹಾಗಿಲ್ಲ. ನಿನ್ನ ಗಾಡಿಯ ಫೋಲ್‌ಕಾಸ್ಕೊ ಕಷ್ಟ. ತುಂಬಾ ಪಾಲಿಸಿಗಳಲ್ಲಿ ರೇಸ್‌ಟ್ರ್ಯಾಕ್ ಮೇಲೆ ಯಾವ ಓಡಾಟಕ್ಕೂ ಕವರ್ ಇಲ್ಲ ಅಂತ ಸೇರಿಸಿರ್ತಾರೆ, ಕೆಲವ್ರು ಟೂರಿಸ್ಟ್ ಡ್ರೈವ್ ಅಂತ ಹೆಸರು ಹಿಡಿದೇ ಬರೆದಿರ್ತಾರೆ. ನಿನ್ನ ಪಾಲಿಸಿಯ ಎಕೆಬಿ, ಅಂದ್ರೆ ಷರತ್ತುಗಳ ಕಾಗದ ತೆಗೆದು ಕಾಸ್ಕೊ ಭಾಗದಲ್ಲಿ ಹೊರಗಿಟ್ಟಿರೋ ಪಟ್ಟಿ ಓದು. ಅಲ್ಲಿ ಸಿಗ್ಲಿಲ್ಲ ಅಂದ್ರೂ ಜಿಟಿ3ದವನ ಇನ್ಶೂರೆನ್ಸ್ ಅವನ ಪಾಲಿಗೆ ತಕ್ಕಷ್ಟು ನಿನ್ನ ರಿಪೇರಿ ಕೊಡ್ಬೇಕು, ಅದಕ್ಕೇ ಈ ಪಾಲಿನ ಜಗಳ ಇಷ್ಟು ಮುಖ್ಯ. ನಿಂದೇ ಸ್ವತಂತ್ರ ಗುಟಾಖ್ಟರ್, ಅಂದ್ರೆ ಡ್ಯಾಮೇಜ್ ಪರೀಕ್ಷೆ ಮಾಡೋ ತಜ್ಞರನ್ನ ಹಿಡಿದು ಡ್ಯಾಮೇಜ್ ರಿಪೋರ್ಟ್ ಮಾಡಿಸು, ರಿಪೇರಿಗೆ ಮೊದಲು, ಬಡಿತದ ಕೋನ ಅದ್ರಲ್ಲೇ ತಿಳಿಯೋದು.

ಗಾರ್ಡ್‌ರೈಲ್ ಬಿಲ್ಲು ಮೊದಲು ಹೋಗೋದು ಅದಕ್ಕೆ ಗುದ್ದಿದವನ ಕಡೆಗೆ, ಆಮೇಲೆ ಅವನ ಇನ್ಶೂರೆನ್ಸ್ ನಿನ್ನ ಇನ್ಶೂರೆನ್ಸ್ ಹತ್ರ ಪಾಲು ಕೇಳುತ್ತೆ. ಅದನ್ನ ನೀನು ನೇರವಾಗಿ ಕಟ್ಬೇಡ. ಆ ವಕೀಲರ ಕಾಗದಕ್ಕೂ ನೀನೇ ಉತ್ತರ ಬರೀಬೇಡ, ಬಂದ ಒಂದು ವಾರದೊಳಗೆ ನಿನ್ನ ಇನ್ಶೂರೆನ್ಸ್‌ಗೆ ಕಳಿಸು.

5 ಸೆಕೆಂಡ್, 3 ಸೆಕೆಂಡ್ ಲೆಕ್ಕ ನಿನಗೆ ಒಳ್ಳೇದೇ, ಆದ್ರೆ ಕುಣಿಬೇಡ. ಅವನು 220 ಇದ್ದ ಅಂತಿಟ್ಕೋ, ನೀನು ಎಡಕ್ಕೆ ಹೊರಳೋ ಹೊತ್ತಲ್ಲಿ ಅವನು 80 ಮೀಟರ್ ಹಿಂದೆ ಇದ್ದಿರ್ಬೋದು, ಮಧ್ಯದಲ್ಲಿ ಬ್ರೇಕ್ ಹೊಡೆದಿದಾನೆ ಅಂದ್ರೆ ಇನ್ನೂ ಹತ್ರಾನೇ ಇದ್ದ. ಅಷ್ಟು ಹತ್ರ ಬರೋನ ಮುಂದೆ ಹೊರಗೆ ಬಂದೆ ಅಂತ ಅವನ ಕಡೆಯವ್ರು ಹೇಳ್ತಾರೆ. ನಿನ್ನ ಕಡೆಯವ್ರು ಹೇಳ್ಬೇಕಾದ್ದು, 5 ಸೆಕೆಂಡ್ ಇಂಡಿಕೇಟರ್ ಕಾಣ್ತಿದ್ರೂ ಅವನು ಯಾಕೆ ಮೊದಲೇ ನಿಧಾನ ಮಾಡ್ಲಿಲ್ಲ ಅಂತ. ನನ್ನ ಅಂದಾಜಲ್ಲಿ ಸ್ವಲ್ಪ ದೊಡ್ಡ ಪಾಲು ನಿನ್ನ ಕಡೆನೇ ಬೀಳುತ್ತೆ, ನೂರಕ್ಕೆ ನೂರು ಅಂತೂ ಅಲ್ಲ.

ಫೋನಲ್ಲಿ ಲ್ಯಾಪ್ ಟೈಮರ್ ಆ್ಯಪ್ ಏನಾದ್ರೂ ಓಡ್ತಿತ್ತಾ? ಇದ್ರೆ ಇಲ್ಲಿ ಬರೀಬೇಡ, ವಕೀಲರಿಗೆ ಹೇಳು. ಅನುಮತಿ ಇಲ್ಲದ ರೇಸ್ ಅಂತ ಆದ್ರೆ ಹಾಫ್ಟ್‌ಫ್ಲಿಷ್ಟ್‌ನವ್ರು ಅವನಿಗೆ ಕೊಟ್ಟು ಆಮೇಲೆ ನಿನ್ನಿಂದ 5000 ಯುರೋವರೆಗೆ ವಾಪಸ್ ಕೇಳ್ಬೋದು, 2017ರಿಂದ ಅಂಥ ರೇಸ್ ಕ್ರಿಮಿನಲ್ ಕೇಸೂ ಹೌದು. ಅವನ ಕಡೆನೂ ಇದೇ ಅನ್ವಯ, ಜಿಟಿ3ಲಿ ಬಂದಿದ್ದವನು ಟೈಮರ್ ಇಲ್ದೇ ಬಂದಿದ್ದ ಅಂದ್ರೆ ನಂಬೋದು ಸ್ವಲ್ಪ ಕಷ್ಟಾನೇ.

---

ಧಾರವಾಡ_ಡೀಸೆಲ್

ಸ್ಕೋಡಾದವ್ರನ್ನ ಯಾರೂ ಕೇಳ್ಲಿಲ್ಲಲಾ? ಅವ್ರ ಕನ್ನಡಿಯೊಳಗ ಎಲ್ಲಾ ಕಂಡಿರ್ತದ. ಇಬ್ರಿಗೂ ಸಂಬಂಧ ಇಲ್ಲದ ಸಾಕ್ಷಿ ಅಂದ್ರ ಅವ್ರ.

---

ಹಾಸನ್_ಜಿಟಿಐ

ಕಾಸ್ಕೊ ಕಾಗದ ಓದ್ದೆ ಮಾವ, 'ಟೂರಿಸ್ಟೆನ್‌ಫಾರ್ಟೆನ್' ಅಂತ ಹೆಸರು ಹಿಡಿದೇ ಹೊರಗಿಟ್ಟಿದಾರೆ. ಟೈಮರ್ ಗೀಮರ್ ಏನೂ ಇರ್ಲಿಲ್ಲ ನನ್ನ ಹತ್ರ. ದೊಡ್ಡ ಪಾಲು ನಂದು ಅನ್ನೋದನ್ನ ಇನ್ನೂ ಒಪ್ಪೋಕಾಗ್ತಿಲ್ಲ ಬಿಡಿ, ಗುಟಾಖ್ಟರ್ ಏನಂತಾರೋ ನೋಡೋಣ. ಧಾರವಾಡ ಸರ್, ಸ್ಕೋಡಾದವ್ರು ನಿಲ್ಲಿಸಿ ಪೊಲೀಸ್ರ ಹತ್ರ ಮಾತಾಡಿ ಹೋಗಿದ್ರು, ಅವ್ರ ವಿವರ ರಿಪೋರ್ಟ್‌ನಲ್ಲಿ ಇರ್ಬೇಕು, ಅದನ್ನ ತರಿಸೋಕೆ ವಕೀಲರೇ ಅರ್ಜಿ ಹಾಕ್ಬೇಕಂತೆ. ಗುರುವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ.